ರೋಗಿಯ ದೇಹಪರೀಕ್ಷೆ: ಶುಶ್ರೂಷಕಿಯ ಕೈಯಲ್ಲಿನ ಸಾಧನಗಳು

ಭದ್ರಾವತಿಯು ಕಬ್ಬಿಣ ಮತ್ತು ಉಕ್ಕಿನ ಊರು. ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದ ಫಲವಾಗಿ 1923ರಲ್ಲಿ ಇಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಕಾರ್ಖಾನೆ ಬೆಳೆದಂತೆ ನೌಕರರ ವಸತಿಗಳೂ ಬೆಳೆದು ನ್ಯೂ ಟೌನ್ ಎಂಬ ಬಡಾವಣೆ ರೂಪುಗೊಂಡಿತು; ನೌಕರರ ಮತ್ತು ಅವರ ಕುಟುಂಬಗಳ ಆರೋಗ್ಯರಕ್ಷಣೆಗಾಗಿ ಅಲ್ಲಿ ಕಾರ್ಖಾನೆಯ ಆಸ್ಪತ್ರೆಯೂ ತಲೆಯೆತ್ತಿತು. ಕುಲುಮೆಯ ಮುಂದೆ ವರ್ಷಗಟ್ಟಲೆ ನಿಂತ ಕೆಲಸಗಾರನು ಕರಗಿದ ಲೋಹದ ಬಣ್ಣವನ್ನು ನೋಡಿಯೇ ಅದರ ಕಾವನ್ನು ಅಂದಾಜು ಮಾಡಬಲ್ಲನು. ಆದರೂ ಅವನ ಕಣ್ಣೊಂದನ್ನೇ ನಂಬಿ ಉಕ್ಕನ್ನು ತಯಾರಿಸುವುದಿಲ್ಲ. ಕಾವನ್ನು ಅಳೆಯುವ ಉಪಕರಣವನ್ನೂ ಇರಿಸಿಕೊಳ್ಳುತ್ತಾರೆ. ಹಾಗೆಂದು ಉಪಕರಣವೊಂದನ್ನೇ ನಂಬಿ ಅನುಭವಿಯನ್ನು ಮನೆಗೆ ಕಳುಹಿಸುವುದೂ ಇಲ್ಲ. ಅನುಭವದ ಕಣ್ಣು, ಅಳತೆಯ ಉಪಕರಣ ಇವೆರಡೂ ಕೂಡಿದಾಗಲೇ ಕೆಲಸ ಕೆಡದೆ ಸಾಗುತ್ತದೆ.

ಆಸ್ಪತ್ರೆಯ ವಾರ್ಡಿನಲ್ಲಿ ಶುಶ್ರೂಷಕಿಯ ಕೆಲಸವೂ ಇದೇ ಬಗೆಯದು. ವೈದ್ಯರು ದಿನಕ್ಕೆ ಒಂದೆರಡು ಬಾರಿ ರೋಗಿಯ ಹಾಸಿಗೆಯ ಬಳಿಗೆ ಬಂದು ಹೋಗುತ್ತಾರೆ. ಹಗಲಿರುಳು ರೋಗಿಯ ಸಮೀಪದಲ್ಲಿರುವವಳು ಶುಶ್ರೂಷಕಿ. ರಾತ್ರಿ ಎರಡು ಗಂಟೆಗೆ ರೋಗಿಯ ಸ್ಥಿತಿ ಬದಲಾದರೆ ಅದನ್ನು ಮೊದಲು ಕಾಣಬೇಕಾದವಳೂ ಅವಳೇ. ಇಷ್ಟು ದೊಡ್ಡ ಹೊಣೆಗೆ ಅವಳ ಕೈಯಲ್ಲಿರುವ ಸಾಧನಗಳು ಕೆಲವೇ: ಥರ್ಮಾಮೀಟರು, ಸೆಕೆಂಡು ಮುಳ್ಳಿನ ಗಡಿಯಾರ, ಸ್ಟೆತಾಸ್ಕೋಪು, ರಕ್ತದೊತ್ತಡ ಮಾಪಕ, ಟಾರ್ಚು, ನಾಲಿಗೆಯನ್ನು ಒತ್ತಿ ಹಿಡಿಯುವ ಪಟ್ಟಿ, ಅಳತೆಯ ಟೇಪು, ತೂಕದ ಯಂತ್ರ. ಈ ಸಾಧನಗಳು ಏನನ್ನು ತಿಳಿಸುತ್ತವೆ, ಎಲ್ಲಿ ತಪ್ಪು ತಿಳಿಸುತ್ತವೆ, ತಿಳಿಸಿದುದನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪರಂಪರೆ ಮತ್ತು ಅಂಕಿ

ದೇಹಪರೀಕ್ಷೆಯು ನಮ್ಮ ನಾಡಿಗೆ ಹೊಸದಲ್ಲ. ನಾಡಿ, ಮೂತ್ರ, ಮಲ, ಜಿಹ್ವೆ, ಶಬ್ದ, ಸ್ಪರ್ಶ, ದೃಷ್ಟಿ, ಆಕೃತಿ ಎಂಬ ಎಂಟು ಸ್ಥಾನಗಳ ಪರೀಕ್ಷೆಯನ್ನು ಆಯುರ್ವೇದವು ವಿಧಿಸಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯಕಾಯಕದವರಾಗಿದ್ದ ವೈದ್ಯ ಸಂಗಣ್ಣನವರು ತಮ್ಮ ವಚನಗಳಲ್ಲಿ ವೈದ್ಯಶಾಸ್ತ್ರದ ಪರಿಭಾಷೆಯನ್ನೇ ಬಳಸಿದ್ದಾರೆ. ಇಂದಿನ ಶುಶ್ರೂಷಕಿಯ ಸಾಧನಗಳನ್ನು ಆ ಎಂಟರ ಪಕ್ಕದಲ್ಲಿ ಇರಿಸಿ ನೋಡಿದರೆ ಹೋಲಿಕೆ ತಾನಾಗಿ ಹೊಳೆಯುತ್ತದೆ. ನಾಡಿಗೆ ಗಡಿಯಾರ, ಸ್ಪರ್ಶಕ್ಕೆ ಥರ್ಮಾಮೀಟರು, ಶಬ್ದಕ್ಕೆ ಸ್ಟೆತಾಸ್ಕೋಪು, ದೃಷ್ಟಿ ಜಿಹ್ವೆಗಳಿಗೆ ಟಾರ್ಚು, ಆಕೃತಿಗೆ ತೂಕ ಮತ್ತು ಟೇಪು ನೆರವಾಗಿ ಬಂದಿವೆ.

ಹಾಗಾದರೆ ಹೊಸತಾಗಿ ಬಂದುದೇನು? ಅಂಕಿ. ಹಿಂದಿನ ವೈದ್ಯನ ಅರಿವು ಬಹುಮಟ್ಟಿಗೆ ಅವನ ಬೆರಳ ತುದಿಯಲ್ಲಿಯೇ ಉಳಿಯುತ್ತಿತ್ತು. 'ಮೈ ಸುಡುತ್ತಿದೆ' ಎಂಬ ಮಾತು ಹೇಳಿದವನಿಗೊಂದು ಅರ್ಥ, ಕೇಳಿದವನಿಗೊಂದು ಅರ್ಥ. '103 ಡಿಗ್ರಿ' ಎಂಬುದು ಹಾಗಲ್ಲ. ಹಗಲು ಪಾಳಿಯ ಶುಶ್ರೂಷಕಿ ಬರೆದಿಟ್ಟುದನ್ನು ರಾತ್ರಿ ಪಾಳಿಯವಳು ಓದಬಲ್ಲಳು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಬರೆದ ಚೀಟಿಯನ್ನು ಜಿಲ್ಲಾ ಕೇಂದ್ರದ ವೈದ್ಯರು ಓದಬಲ್ಲರು. ಒಬ್ಬರ ಅನುಭವವನ್ನು ಇನ್ನೊಬ್ಬರ ಕೈಗೆ ದಾಟಿಸುವುದೇ ಈ ಸಾಧನಗಳ ಮುಖ್ಯ ಉಪಕಾರ.

ಮಲೆನಾಡಿನ ಒಂದು ಜ್ವರ

ಇದನ್ನು ಅರಿಯುವುದಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿಯೇ ತಕ್ಕ ನಿದರ್ಶನವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪರಿಸರದಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಕಾಲಕ್ಕೆ ಸುತ್ತಲಿನ ಹಳ್ಳಿಗರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಶೋಧನೆ ನಡೆಸಿ, ಇದು ಅದುವರೆಗೆ ಜಗತ್ತಿಗೆ ತಿಳಿಯದಿದ್ದ ಒಂದು ವೈರಸಿನಿಂದ ಬರುವ ರೋಗವೆಂದು ಕಂಡುಕೊಂಡರು. ಹೀಗೆ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಜನರ ಬಾಯಲ್ಲಿ ಅದು 'ಮಂಗನ ಕಾಯಿಲೆ' ಎಂದೇ ಉಳಿಯಿತು. ಕಾಡಿನ ಉಣುಗು ಕಚ್ಚುವುದರಿಂದ ಇದು ಮನುಷ್ಯರಿಗೆ ತಗಲುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಸೌದೆಗೂ ತರಗೆಲೆಗೂ ಕಾಡಿಗೆ ಹೋಗುವವರನ್ನು ಇದು ಹೆಚ್ಚಾಗಿ ಕಾಡುತ್ತದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಈ ರೋಗದಿಂದ ಹಲವರು ಜೀವ ಕಳೆದುಕೊಂಡರು. ರೋಗ ತಗಲಿದ ನೂರು ಮಂದಿಯಲ್ಲಿ ಸುಮಾರು ಮೂವರಿಂದ ಐವರು ಸಾಯುತ್ತಾರೆಂಬುದು ತಜ್ಞರ ಅಂದಾಜು.

ಈ ವೈರಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ರೋಗವನ್ನು ಖಚಿತಪಡಿಸುವುದಕ್ಕೆ ರಕ್ತವನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅದರ ವರದಿ ಬರುವ ಮೊದಲೂ ಬಂದ ಮೇಲೂ ರೋಗಿಯನ್ನು ಉಳಿಸುವುದು ನೀರಿನಂಶ ಕಡಮೆಯಾಗದಂತೆ, ರಕ್ತದೊತ್ತಡ ಕುಸಿಯದಂತೆ, ರಕ್ತಸ್ರಾವ ಕಣ್ತಪ್ಪದಂತೆ ಕಾಯುವ ಶುಶ್ರೂಷೆ. ಫೆಬ್ರವರಿಯ ಒಂದು ದಿನ ಕಾಡಂಚಿನ ಹಳ್ಳಿಯ ಕೂಲಿಗಾರನೊಬ್ಬನು ಮೂರು ದಿನದ ಜ್ವರ, ತಲೆನೋವು, ಮೈಕೈ ನೋವುಗಳಿಂದ ಆಸ್ಪತ್ರೆಗೆ ಬಂದನೆಂದು ಊಹಿಸಿಕೊಳ್ಳಬಹುದು. ಅವನ ಹಾಸಿಗೆಯ ಬಳಿಯಲ್ಲಿ ಒಂದೊಂದು ಸಾಧನವೂ ಏನು ಮಾಡಬಲ್ಲುದೆಂಬುದನ್ನು ಮುಂದೆ ನೋಡಬಹುದು.

ಕೈ, ಕಣ್ಣು, ಗಡಿಯಾರ

ಮೊದಲ ಸಾಧನ ಪೆಟ್ಟಿಗೆಯಲ್ಲಿಲ್ಲ. ಅದು ಶುಶ್ರೂಷಕಿಯ ಕೈ ಮತ್ತು ಕಣ್ಣು. ಸಾಬೂನಿನಿಂದ ತೊಳೆದ ಕೈ ರೋಗಿಯನ್ನು ಮುಟ್ಟುವುದರಿಂದಲೇ ಪರೀಕ್ಷೆ ಆರಂಭ. ಚರ್ಮ ಬಿಸಿಯೋ ತಣ್ಣಗೋ, ಒಣಗಿದೆಯೋ ಬೆವರಿದೆಯೋ, ರೋಗಿ ಕೇಳಿದುದಕ್ಕೆ ಸರಿಯಾಗಿ ಉತ್ತರಿಸುತ್ತಾನೆಯೋ ಎಂಬುದನ್ನು ಕೈಯೂ ಕಣ್ಣೂ ಕ್ಷಣದಲ್ಲಿ ತಿಳಿಯುತ್ತವೆ. ಮಲೆನಾಡಿನಲ್ಲಿ ಮಲೇರಿಯಾ ಮನೆಮನೆಯ ಮಾತಾಗಿದ್ದ ಕಾಲದಲ್ಲಿ ಎಡಪಕ್ಕೆಯ ಕೆಳಗೆ ಊದಿದ ಗುಲ್ಮವನ್ನು ವೈದ್ಯರು ಕೈಯಿಂದಲೇ ತಡವಿ, ಎಷ್ಟು ಬೆರಳಗಲ ಇಳಿದಿದೆಯೆಂದು ಗುರುತಿಸುತ್ತಿದ್ದರು.

ಕೈಗೆ ಗಡಿಯಾರ ಜೊತೆಯಾದಾಗ ನಾಡಿಗೆ ಸಂಖ್ಯೆ ದೊರೆಯಿತು. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲಿ ನಾಡಿ ಎಣಿಸುವುದಕ್ಕೆಂದೇ ಒಂದು ನಿಮಿಷ ಓಡುವ ಗಡಿಯಾರವನ್ನು ಕುರಿತು ಗ್ರಂಥ ಬರೆದನು. ವಯಸ್ಕರಲ್ಲಿ ವಿಶ್ರಾಂತಿಯ ನಾಡಿಬಡಿತ ನಿಮಿಷಕ್ಕೆ 60ರಿಂದ 100. ಮಣಿಕಟ್ಟಿನ ಹೆಬ್ಬೆರಳ ಪಾರ್ಶ್ವದಲ್ಲಿ ಮೂರು ಬೆರಳಿಟ್ಟು ಎಣಿಸಬೇಕು. ಪರೀಕ್ಷಿಸುವವಳ ಹೆಬ್ಬೆರಳನ್ನು ಬಳಸಬಾರದು. ಅದರಲ್ಲಿ ತನ್ನದೇ ನಾಡಿ ಮಿಡಿಯುವುದರಿಂದ ಲೆಕ್ಕ ತಪ್ಪುತ್ತದೆ. ಬಡಿತ ಏರುಪೇರಾಗಿದ್ದರೆ ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡದೆ ಪೂರ್ಣ ನಿಮಿಷ ಎಣಿಸತಕ್ಕದ್ದು. ಜ್ವರ ಏರಿದಂತೆ ನಾಡಿಯೂ ವೇಗಗೊಳ್ಳುವುದು ಸಾಮಾನ್ಯ. ಆದರೆ ಮಂಗನ ಕಾಯಿಲೆಯಲ್ಲಿ ಜ್ವರ ತೀವ್ರವಾಗಿದ್ದರೂ ನಾಡಿ ಅದಕ್ಕೆ ತಕ್ಕಷ್ಟು ಏರದಿರುವುದುಂಟು, ವಿಷಮಶೀತಜ್ವರದಲ್ಲಿಯೂ ಹೀಗಾಗುವುದುಂಟು. ಜ್ವರವನ್ನೂ ನಾಡಿಯನ್ನೂ ಒಂದೇ ಹಾಳೆಯಲ್ಲಿ ಬರೆದವಳಿಗೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ.

ಅದೇ ಗಡಿಯಾರ ಉಸಿರನ್ನೂ ಎಣಿಸುತ್ತದೆ. ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20. ಎಣಿಸುತ್ತಿರುವುದು ರೋಗಿಗೆ ತಿಳಿದರೆ ಅವನ ಉಸಿರಿನ ಗತಿ ಬದಲಾಗುತ್ತದೆ. ಆದುದರಿಂದ ನಾಡಿಯನ್ನು ಹಿಡಿದಂತೆಯೇ ಇದ್ದು ಎದೆಯ ಏರಿಳಿತವನ್ನು ಗಮನಿಸುವುದು ವಾಡಿಕೆ. ಮಕ್ಕಳ ವಿಷಯದಲ್ಲಿ ಈ ಎಣಿಕೆ ಪ್ರಾಣದ ಪ್ರಶ್ನೆ. ಕೆಮ್ಮಿನಿಂದ ನರಳುವ ಮಗುವಿನ ಉಸಿರು ನಿಮಿಷಕ್ಕೆ ಎರಡು ತಿಂಗಳೊಳಗಿನ ಶಿಶುವಿನಲ್ಲಿ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ನ್ಯುಮೋನಿಯಾ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಅಳುತ್ತಿರುವ ಮಗುವಿನ ಎಣಿಕೆಗೆ ಬೆಲೆಯಿಲ್ಲ. ತಾಯಿಯ ಮಡಿಲಲ್ಲಿ ಶಾಂತವಾದ ಮೇಲೆ ಪೂರ್ಣ ಒಂದು ನಿಮಿಷ ಎಣಿಸಬೇಕು.

ಥರ್ಮಾಮೀಟರು

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ದೇಹದ ಉಷ್ಣವನ್ನು ಅಳೆಯುವ ಸಾಧನ ಉದ್ದವಾಗಿಯೂ ನಿಧಾನವಾಗಿಯೂ ಇದ್ದುದರಿಂದ ದಿನನಿತ್ಯದ ಬಳಕೆಗೆ ಒದಗುತ್ತಿರಲಿಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ 1860ರ ದಶಕದಲ್ಲಿ ಸುಮಾರು ಆರು ಅಂಗುಲದ, ಐದು ನಿಮಿಷದಲ್ಲಿ ಉತ್ತರ ಕೊಡುವ ಥರ್ಮಾಮೀಟರನ್ನು ರೂಪಿಸಿದನು. ಅದೇ ದಶಕದಲ್ಲಿ, 1868ರಲ್ಲಿ, ಜರ್ಮನಿಯ ವುಂಡರ್‌ಲಿಖ್ ಸುಮಾರು ಇಪ್ಪತ್ತೈದು ಸಾವಿರ ರೋಗಿಗಳ ಉಷ್ಣವನ್ನು ಮತ್ತೆ ಮತ್ತೆ ಅಳೆದು ಪಡೆದ ಫಲಿತಗಳನ್ನು ಪ್ರಕಟಿಸಿದನು. ಒಂದು ಕ್ಷಣದ ಅಳತೆಗಿಂತ ದಿನದಿಂದ ದಿನಕ್ಕೆ ಜ್ವರ ಏರಿಳಿಯುವ ಬಗೆಯೇ ರೋಗದ ಸ್ವರೂಪವನ್ನು ತಿಳಿಸುತ್ತದೆ ಎಂಬುದನ್ನು ಅವನ ಕೃತಿ ಮನಗಾಣಿಸಿತು.

ಬಾಯಿಯಲ್ಲಿ ಅಳೆದಾಗ ಸಾಮಾನ್ಯ ಉಷ್ಣ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್. ಬೆಳಗ್ಗೆ ಸ್ವಲ್ಪ ಕಡಮೆ, ಸಂಜೆ ಸ್ವಲ್ಪ ಹೆಚ್ಚು. ಕಂಕುಳಿನಲ್ಲಿ ಅಳೆದರೆ ಅದಕ್ಕಿಂತ ಒಂದು ಡಿಗ್ರಿಯಷ್ಟು ಕಡಮೆ ತೋರಬಹುದು. ಆದುದರಿಂದ ಎಲ್ಲಿ ಅಳೆಯಲಾಯಿತೆಂಬುದನ್ನೂ ಅಂಕಿಯೊಡನೆ ಬರೆಯತಕ್ಕದ್ದು. ಬಿಸಿ ಕಾಫಿ ಕುಡಿದೊಡನೆ ಅಳೆದರೆ ಇಲ್ಲದ ಜ್ವರ ಕಾಣುತ್ತದೆ, ತಣ್ಣೀರು ಕುಡಿದೊಡನೆ ಅಳೆದರೆ ಇರುವ ಜ್ವರ ಮರೆಯಾಗುತ್ತದೆ. ಕಾಲು ಗಂಟೆಯಾದರೂ ಕಾಯಬೇಕು. ಚಿಕ್ಕ ಮಕ್ಕಳಿಗೂ ಪ್ರಜ್ಞೆಯಿಲ್ಲದವರಿಗೂ ಬಾಯಿಯಲ್ಲಿ ಇಡಬಾರದು.

ಬಹುಕಾಲ ಬಳಕೆಯಲ್ಲಿದ್ದ ಪಾದರಸದ ಗಾಜಿನ ಥರ್ಮಾಮೀಟರು ಈಗ ಹಿಂದೆ ಸರಿದಿದೆ. ಪಾದರಸದ ವಿಷದಿಂದ ಜನ ನರಳಿದ ಜಪಾನಿನ ಮಿನಮಾಟ ನಗರದ ಹೆಸರಿನಲ್ಲಿ 2013ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಪಾದರಸದ ಥರ್ಮಾಮೀಟರು ಮತ್ತು ರಕ್ತದೊತ್ತಡ ಮಾಪಕಗಳ ತಯಾರಿಕೆ, ಆಮದು, ರಫ್ತುಗಳನ್ನು ನಿಲ್ಲಿಸುವುದಕ್ಕೆ ಅದು 2020ನೆಯ ಇಸವಿಯನ್ನು ಗೊತ್ತುಪಡಿಸಿತು. ಭಾರತವು 2018ರಲ್ಲಿ ಆ ಒಪ್ಪಂದವನ್ನು ಅನುಮೋದಿಸಿತು. ಮನೆಯಲ್ಲಿ ಹಳೆಯ ಥರ್ಮಾಮೀಟರು ಒಡೆದರೆ ಪಾದರಸವನ್ನು ಕೈಯಿಂದ ಮುಟ್ಟಬಾರದು, ಪೊರಕೆಯಿಂದ ಗುಡಿಸಲೂಬಾರದು. ಕಿಟಕಿ ತೆರೆದು, ಮಕ್ಕಳನ್ನು ದೂರವಿರಿಸಿ, ಗಟ್ಟಿ ಕಾಗದದಿಂದ ಮುಚ್ಚಳವಿರುವ ಸೀಸೆಗೆ ಕೂಡಿಸಬೇಕು.

ಸ್ಟೆತಾಸ್ಕೋಪು ಮತ್ತು ರಕ್ತದೊತ್ತಡ ಮಾಪಕ

ಪ್ಯಾರಿಸ್ಸಿನ ವೈದ್ಯ ಲೆನೆಕ್ 1816ರಲ್ಲಿ ಹೃದ್ರೋಗದ ಯುವತಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಗೊಂಡು, ಕಾಗದವನ್ನು ಕೊಳವೆಯಾಗಿ ಸುತ್ತಿ ಆಲಿಸಿದನು. ನೇರವಾಗಿ ಕಿವಿಯಿಟ್ಟುದಕ್ಕಿಂತ ಸ್ಪಷ್ಟವಾಗಿ ಹೃದಯದ ಶಬ್ದ ಕೇಳಿಸಿತು. ರೋಗಿಯ ಮಾನಕ್ಕೆ ಕೊಟ್ಟ ಮರ್ಯಾದೆಯಿಂದಲೇ ಈ ಸಾಧನ ಹುಟ್ಟಿತೆಂಬುದನ್ನು ನೆನೆಯುವುದು ಉಚಿತ. ಇಂದಿನ ಸ್ಟೆತಾಸ್ಕೋಪಿನ ಅಗಲವಾದ ತೆಳುಪೊರೆಯ ಮುಖ ಉಸಿರಿನಂಥ ಎತ್ತರದ ಸ್ವರಗಳಿಗೆ, ಗಂಟೆಯಾಕಾರದ ಮುಖ ಹೃದಯದ ಕೆಲವು ತಗ್ಗುಸ್ವರಗಳಿಗೆ ಅನುಕೂಲ. ಬಟ್ಟೆಯ ಮೇಲಿಟ್ಟು ಕೇಳಿದರೆ ಬಟ್ಟೆಯ ಸಪ್ಪಳವೇ ಕೇಳಿಸುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಹೋಗುವ ಮೊದಲು ಅದನ್ನು ಸ್ಪಿರಿಟ್ಟಿನಿಂದ ಒರಸದಿದ್ದರೆ ಪರೀಕ್ಷಿಸುವ ಸಾಧನವೇ ರೋಗವನ್ನು ಸಾಗಿಸುವ ಸಾಧನವಾದೀತು.

ಇಟಲಿಯ ರಿವಾ ರೋಚಿ 1896ರಲ್ಲಿ ತೋಳಿಗೆ ಸುತ್ತುವ ಪಟ್ಟಿಯ ಮಾಪಕವನ್ನು ರಚಿಸಿದನು. ರಷ್ಯದ ಕೊರೊಟ್‌ಕಾಫ್ 1905ರಲ್ಲಿ, ಪಟ್ಟಿಯ ಗಾಳಿ ಬಿಡುವಾಗ ಮೊಣಕೈಯ ರಕ್ತನಾಳದಲ್ಲಿ ಕೇಳುವ ಶಬ್ದಗಳಿಂದ ಮೇಲಿನ ಮತ್ತು ಕೆಳಗಿನ ಒತ್ತಡಗಳೆರಡನ್ನೂ ತಿಳಿಯಬಹುದೆಂದು ತೋರಿಸಿದನು. ಶಬ್ದ ಮೊದಲು ಕೇಳಿದಾಗಿನ ಅಂಕಿ ಮೇಲಿನದು, ಅಡಗಿದಾಗಿನದು ಕೆಳಗಿನದು. ಅಳೆಯುವ ಮೊದಲು ರೋಗಿ ಐದು ನಿಮಿಷ ಬೆನ್ನಿಗೆ ಆಸರೆಕೊಟ್ಟು ಕುಳಿತಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಮಾತು ಕೂಡದು. ಪಟ್ಟಿಯೊಳಗಿನ ರಬ್ಬರು ಚೀಲದ ಅಗಲ ತೋಳಿನ ಸುತ್ತಳತೆಯ ಶೇಕಡ 40ರಷ್ಟಾದರೂ ಇರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಒತ್ತಡ ಕಾಣಿಸಿ, ಆರೋಗ್ಯವಂತನೂ ಮಾತ್ರೆ ನುಂಗಬೇಕಾದ ಪ್ರಸಂಗ ಬರಬಹುದು. ಆದುದರಿಂದಲೇ 140/90 ಅಥವಾ ಹೆಚ್ಚಿನ ಒತ್ತಡವನ್ನು ಒಂದೇ ಅಳತೆಯಿಂದ ನಿರ್ಧರಿಸದೆ ಬೇರೆ ದಿನ ಮತ್ತೊಮ್ಮೆ ಅಳೆಯುವುದು ನಿಯಮ.

ಮಂಗನ ಕಾಯಿಲೆಯ ರೋಗಿಯಲ್ಲಿ ಭಯವಿರುವುದು ಒತ್ತಡ ಏರುವುದರಿಂದಲ್ಲ, ಇಳಿಯುವುದರಿಂದ. ಬೆಳಗ್ಗೆ 110 ಇದ್ದುದು ಮಧ್ಯಾಹ್ನ 100, ಸಂಜೆ 90 ಆದರೆ, ರೋಗಿ ಮಲಗಿ ಮಾತನಾಡುತ್ತಿದ್ದರೂ ವೈದ್ಯರಿಗೆ ಕೂಡಲೇ ತಿಳಿಸಬೇಕಾದ ಸಂಗತಿಯದು. ಬೆಳಗಿನ ಅಂಕಿಯನ್ನು ಬರೆದಿಡದಿದ್ದರೆ ಸಂಜೆಯ 90 ಅವನ ಸಹಜ ಒತ್ತಡವೆಂದೇ ತೋರಬಹುದು.

ಟಾರ್ಚು, ಟೇಪು, ತೂಕ

ಟಾರ್ಚು ಎಲ್ಲಕ್ಕಿಂತ ಸರಳ. ಕೆಳರೆಪ್ಪೆಯನ್ನು ಎಳೆದು ನೋಡಿದರೆ ರಕ್ತಹೀನತೆಯ ಬಿಳಿಚು ಕಾಣುತ್ತದೆ. ಕಾಮಾಲೆಯ ಹಳದಿಯನ್ನು ಮಾತ್ರ ಹಗಲು ಬೆಳಕಿನಲ್ಲಿ ನೋಡುವುದೇ ಲೇಸು. ತಲೆಗೆ ಪೆಟ್ಟು ಬಿದ್ದವನ ಎರಡು ಕಣ್ಣಪಾಪೆಗಳೂ ಸಮವಾಗಿವೆಯೋ, ಬೆಳಕಿಗೆ ಕುಗ್ಗುತ್ತವೆಯೋ ಎಂದು ಪದೇಪದೇ ನೋಡಬೇಕು. ಒಂದು ಪಾಪೆ ಹೊಸದಾಗಿ ಹಿಗ್ಗಿದರೆ ಮಿದುಳಿನ ಮೇಲೆ ಒತ್ತಡ ಹೆಚ್ಚುತ್ತಿರುವ ಸೂಚನೆಯಾಗಿರಬಹುದು. ಅಲ್ಲಿ ನಿಮಿಷಗಳಿಗೂ ಬೆಲೆಯಿದೆ. ಕಾಡಿನಿಂದ ಬಂದ ಜ್ವರದ ರೋಗಿಯ ಕಣ್ಣು ಕೆಂಪೇರಿರುವುದನ್ನೂ, ನಾಲಿಗೆಯನ್ನು ಒತ್ತಿ ನೋಡಿದಾಗ ಮೃದು ಅಂಗುಳಿನ ಮೇಲೆ ಏಳುವ ಸಣ್ಣ ಗುಳ್ಳೆಗಳನ್ನೂ, ವಸಡಿನ ರಕ್ತವನ್ನೂ ಇದೇ ಟಾರ್ಚು ತೋರಿಸುತ್ತದೆ.

ಟೇಪು ಮತ್ತು ತೂಕದ ಯಂತ್ರ ಮಕ್ಕಳ ಮಿತ್ರರು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಹೃದಯ ಅಥವಾ ಮೂತ್ರಪಿಂಡದ ರೋಗಿಯ ತೂಕ ಎರಡು ಮೂರು ದಿನಗಳಲ್ಲಿ ಏರಿದರೆ ಅದು ಪುಷ್ಟಿಯಲ್ಲ, ದೇಹದಲ್ಲಿ ನಿಂತ ನೀರು. ಬಸುರಿಯ ಹೊಟ್ಟೆಗೆ ಆನಿಸುವ ತುತ್ತೂರಿಯಾಕಾರದ ಕೊಳವೆ, ನಿಮಿಷಕ್ಕೆ 110ರಿಂದ 160ರಷ್ಟು ಮಿಡಿಯುವ ಗರ್ಭಸ್ಥ ಶಿಶುವಿನ ಹೃದಯವನ್ನು ವಿದ್ಯುತ್ತಿನ ಹಂಗಿಲ್ಲದೆ ಕೇಳಿಸುತ್ತದೆ.

ಬೆರಳ ತುದಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರು ಈ ಬಳಗಕ್ಕೆ ಸೇರಿದ ಕಿರಿಯ ಸಾಧನ. ಜಪಾನಿನ ತಕುವೊ ಅಯೊಯಾಗಿ 1974ರಲ್ಲಿ ಅದರ ತತ್ತ್ವವನ್ನು ಪ್ರಕಟಿಸಿದನು. 2020ರ ಕೋವಿಡ್ ಪಿಡುಗಿನಲ್ಲಿ ಅದು ಮನೆಮನೆಗೂ ಬಂದಿತು. ಉಗುರಿನ ಬಣ್ಣ, ಮದರಂಗಿ, ತಣ್ಣಗಾದ ಬೆರಳು ಅದನ್ನು ದಾರಿ ತಪ್ಪಿಸುತ್ತವೆ. ಕಪ್ಪು ಚರ್ಮದವರಲ್ಲಿ ನಿಜವಾಗಿ ಇರುವುದಕ್ಕಿಂತ ಹೆಚ್ಚು ಆಮ್ಲಜನಕವನ್ನು ತೋರಿಸುವುದುಂಟು. ರೋಗಿ ಏದುಸಿರು ಬಿಡುತ್ತಿರುವಾಗ ಯಂತ್ರದ ಅಂಕಿ ಚೆನ್ನಾಗಿದೆಯೆಂದು ಸುಮ್ಮನಿರಬಾರದು.

ಹಾಸಿಗೆಯ ಬುಡದ ಹಾಳೆ

ಅಳೆದುದನ್ನು ಬರೆಯದಿದ್ದರೆ ಅಳೆದದ್ದು ಅಷ್ಟಕ್ಕಷ್ಟೇ. ಕ್ರಿಮಿಯಾ ಯುದ್ಧದ ಗಾಯಾಳುಗಳ ನಡುವೆ ದುಡಿದ ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷಾ ಗ್ರಂಥದಲ್ಲಿ ರೋಗಿಯನ್ನು ಗಮನಿಸುವ ವಿಷಯಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಹಾಸಿಗೆಯ ಬುಡದಲ್ಲಿ ತೂಗುವ ಹಾಳೆ ಆ ಗಮನದ ಮೂರ್ತರೂಪ.

ಊಹಿಸಿಕೊಂಡ ಆ ಕೂಲಿಗಾರನ ಹಾಳೆಯನ್ನು ಮತ್ತೊಮ್ಮೆ ನೋಡಬಹುದು. ಒಂದು ವಾರವೋ ಹತ್ತು ದಿನವೋ ಕಳೆದ ಮೇಲೆ ಜ್ವರದ ಗೆರೆ ಕೆಳಗಿಳಿದು ಸಮವಾಗುತ್ತದೆ. ಮನೆಯವರು ಎತ್ತಿನಗಾಡಿಯೋ ಬಸ್ಸೋ ಹಿಡಿದು ಅವನನ್ನು ಕರೆದೊಯ್ಯುತ್ತಾರೆ. ಆದರೆ ಈ ಕಾಯಿಲೆಯಲ್ಲಿ ಕೆಲವರಿಗೆ ಒಂದೆರಡು ವಾರ ಜ್ವರವಿಲ್ಲದೆ ಕಳೆದು, ಅನಂತರ ಅದು ಮರುಕಳಿಸುತ್ತದೆ. ಆಗ ತೀವ್ರ ತಲೆನೋವು, ಕತ್ತಿನ ಬಿಗಿತ, ಕೈನಡುಕ, ಬುದ್ಧಿಭ್ರಮಣೆಗಳೂ ತೋರಬಹುದು. ಇದನ್ನು ಹೊಸ ನೆಗಡಿಯ ಜ್ವರವೆಂದು ಮನೆಯಲ್ಲಿಯೇ ಉಳಿದರೆ ಅಪಾಯ. ಬಿಡುಗಡೆಯ ದಿನ ಶುಶ್ರೂಷಕಿ ಅವನ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, 'ನೋಡಮ್ಮಾ, ಇನ್ನೂ ಎರಡು ಮೂರು ವಾರ ದಿನಕ್ಕೆರಡು ಸಲ ಹೀಗೆ ನೋಡಿ ಬರೆದಿಡು. ನೂರು ದಾಟಿದರೆ ಕಾಯಬೇಡ, ಕರೆದುಕೊಂಡು ಬಂದುಬಿಡು' ಎಂದು ಥರ್ಮಾಮೀಟರು ಓದುವುದನ್ನು ಕಲಿಸಿ ಕಳುಹಿಸಿದರೆ, ಆಸ್ಪತ್ರೆಯ ಕಾವಲು ಹಳ್ಳಿಯ ಮನೆಯವರೆಗೂ ಹೋದಂತಾಗುತ್ತದೆ. ಔಷಧವಿಲ್ಲದ ರೋಗದಲ್ಲಿ ಇದಕ್ಕಿಂತ ದೊಡ್ಡ ಔಷಧ ಬೇರಿಲ್ಲ.

ಶಾಲೆಯ ಪೆಟ್ಟಿಗೆ

ಈ ಅರಿವು ಆಸ್ಪತ್ರೆಯ ಗೋಡೆಯೊಳಗೇ ಉಳಿಯಬೇಕಾಗಿಲ್ಲ. ಥರ್ಮಾಮೀಟರು, ಟಾರ್ಚು, ಟೇಪು, ತೂಕದ ಯಂತ್ರ, ಸೆಕೆಂಡು ಮುಳ್ಳಿನ ಗಡಿಯಾರ ಇಷ್ಟನ್ನು ಯಾವ ಶಾಲೆಯಾದರೂ ಹೊಂದಿಸಿಕೊಳ್ಳಬಹುದು. ಇದರೊಡನೆ ನೆದರ್‌ಲೆಂಡಿನ ನೇತ್ರವೈದ್ಯ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಪಟ ಸೇರಿದರೆ ಮಕ್ಕಳ ದೃಷ್ಟಿಯನ್ನೂ ಪರೀಕ್ಷಿಸಬಹುದು. ಆರು ಮೀಟರು ದೂರದಲ್ಲಿ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದರಾಯಿತು. ಕನ್ನಡ ಅಕ್ಷರಗಳ ಪಟಗಳೂ ದೊರೆಯುತ್ತವೆ. ಕರಿಹಲಗೆಯ ಅಕ್ಷರ ಕಾಣದ ಬಾಲಕನನ್ನು ದಡ್ಡನೆಂದು ತಿಳಿದು ಹಿಂದಿನ ಬೆಂಚಿಗೆ ಕಳುಹಿಸಿದರೆ ಅವನಿಗೆ ಕಾಣುತ್ತಿದ್ದ ಅಲ್ಪಸ್ವಲ್ಪವೂ ಕಾಣದಾಗುತ್ತದೆ. ಅವನಿಗೆ ಬೇಕಾಗಿದ್ದುದು ಬೈಗುಳವಲ್ಲ, ಕನ್ನಡಕ. ಅದನ್ನು ತಿಳಿಯುವುದಕ್ಕೆ ಉಪಾಧ್ಯಾಯರ ಐದು ನಿಮಿಷ ಸಾಕು.

ವಿದ್ಯಾರ್ಥಿಗಳೂ ನಾಡಿ ಎಣಿಸುವುದನ್ನು, ಥರ್ಮಾಮೀಟರು ಓದುವುದನ್ನು, ತಮ್ಮ ತಂಗಿ ತಮ್ಮಂದಿರ ಉಸಿರನ್ನು ಗಡಿಯಾರ ಹಿಡಿದು ಲೆಕ್ಕಿಸುವುದನ್ನು ಕಲಿಯಬಹುದು. ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು ಕಟ್ಟಡಗಳಿಗೆ ನೆರವಾದಂತೆಯೇ ಇಂಥ ಪುಟ್ಟ ಪೆಟ್ಟಿಗೆಗೂ ನೆರವಾದರೆ ಅದರ ಫಲ ಮನೆಮನೆಗೆ ತಲಪುತ್ತದೆ. ಆದರೆ ಪೆಟ್ಟಿಗೆಯಷ್ಟೇ ಸಾಲದು. ಬೀಗ ಹಾಕಿದ ಕಪಾಟಿನಲ್ಲಿ ಹೊಳೆಯುವ ಉಪಕರಣಕ್ಕಿಂತ, ದಿನವೂ ಕೈಗೆ ಬಂದು ಪಟ್ಟಿ ಸವೆದ ಉಪಕರಣವೇ ಮೇಲು. ಸಾಧನ ಅಳೆಯುತ್ತದೆ, ನೋಡುವವಳು, ಬರೆಯುವವಳು, ಸಕಾಲದಲ್ಲಿ ಹೇಳುವವಳು ಶುಶ್ರೂಷಕಿ. ಆ ಕಣ್ಣು ಎಚ್ಚರವಾಗಿರುವವರೆಗೆ ಆ ಕೆಲವೇ ಸಾಧನಗಳು ಸಾಕಷ್ಟಾಗುತ್ತವೆ.